ಬಂದರಿನ ಬಾಗಿಲು ತಿರುಗಿಸಿದ ಸ್ಪ್ರಿಂಗ್ ಸಾಹೇಬರು

ಭಾನುವಾರ ಬೆಳಗ್ಗೆ ಆರೂವರೆಗೆಲ್ಲ ಚೆನ್ನೈ ಬಂದರಿನ ಗೇಟಿನ ಮುಂದೆ ನಮ್ಮ ಸ್ಕೂಟರ್ ನಿಂತಿರುತ್ತದೆ. ಹಿಂದೆ ಮುಂದೆ ಕಂಟೇನರ್ ಲಾರಿಗಳು. ಸಿಐಎಸ್‌ಎಫ್ ಜವಾನರು ಪಾಸ್ ನೋಡಿ, ಹೆಲ್ಮೆಟ್ ತೆಗೆಸಿ, ಮುಖಕ್ಕೂ ಫೋಟೊಗೂ ತಾಳೆ ಹಾಕಿ ಒಳಗೆ ಬಿಡುತ್ತಾರೆ. ರಫ್ತಿಗೆ ಕಾದು ನಿಂತ ಹೊಸ ಕಾರುಗಳನ್ನು ದಾಟಿ, ಗೋದಾಮುಗಳ ಪಕ್ಕದಲ್ಲಿ ಸಾಗಿದರೆ ಸ್ಪ್ರಿಂಗ್‌ಹೆವನ್ ಎಂಬ ಜಾಗ ಸಿಗುತ್ತದೆ. ದೊಡ್ಡ ದೊಡ್ಡ ಹಡಗುಗಳ ಮಗ್ಗುಲಲ್ಲಿ, ಆನೆಗಳ ಕಾಲಡಿಯ ಗುಬ್ಬಚ್ಚಿಗಳ ಹಾಗೆ, ಒಂದಷ್ಟು ಹಾಯಿದೋಣಿಗಳು ಅಲ್ಲಿರುತ್ತವೆ. ಅದು ರಾಯಲ್ ಮದ್ರಾಸ್ ಯಾಟ್ ಕ್ಲಬ್. ನಾನೂ ನನ್ನ ಹೆಂಡತಿಯೂ ಎರಡು ವರ್ಷದಿಂದ ಹಾಯಿ ಹಿಡಿಯಲು ಕಲಿಯುತ್ತಿರುವುದು ಅಲ್ಲೇ.

ನಾನು ಚನ್ನಗಿರಿ ಕಡೆಯವನು. ಎಂ.ಟೆಕ್‌ಗೆ ಸುರತ್ಕಲ್ಲಿಗೆ ಹೋಗುವವರೆಗೂ ನನಗೆ ಸಮುದ್ರವೆಂದರೆ ಸೂಳೆಕೆರೆಯೇ. ಹೆಂಡತಿ ಹರಿಹರದವಳು, ತುಂಗಭದ್ರೆಯಲ್ಲಿ ಈಜು ಕಲಿತವಳು. ನನಗೆ ಈಜು ಬಂದಿದ್ದು ಮೂವತ್ತನಾಲ್ಕನೇ ವಯಸ್ಸಿನಲ್ಲಿ, ಅಪಾರ್ಟ್‌ಮೆಂಟಿನ ಕೊಳದಲ್ಲಿ, ಪುಟಾಣಿ ಮಕ್ಕಳ ಜೊತೆ. ಓಎಂಆರ್ ರಸ್ತೆಯಲ್ಲಿ ಇಬ್ಬರಿಗೂ ಸಾಫ್ಟ್‌ವೇರ್ ಕೆಲಸ. ಕೊರೊನಾ ಕಾಲದಲ್ಲಿ ಮನೆಯೊಳಗೆ ಕೂತು ಯೂಟ್ಯೂಬಿನಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡು ದೇಶ ಸುತ್ತುವ ಗಂಡಹೆಂಡಿರ ವಿಡಿಯೊ ನೋಡುತ್ತಿದ್ದೆವು. ಮೊದಲು ಅದು ಮನರಂಜನೆ. ಆಮೇಲೆ ಎಕ್ಸೆಲ್ ಶೀಟ್ ಆಯಿತು. ಫ್ಲ್ಯಾಟಿನ ಮುಂಗಡಕ್ಕೆಂದು ಕೂಡಿಟ್ಟ ದುಡ್ಡಿನಲ್ಲಿ ಮೂವತ್ತು ಅಡಿಯ ಹಳೆಯ ದೋಣಿಯೊಂದನ್ನು ಕೊಳ್ಳುವುದು, ಎರಡು ವರ್ಷದಲ್ಲಿ ಕೆಲಸ ಬಿಡುವುದು, ಬಂದರಿನಿಂದ ಬಂದರಿಗೆ ಹೋಗುತ್ತಾ ಬದುಕುವುದು. ಯೋಜನೆ ಇಷ್ಟೇ.

ಕಲಿಯಲು ಇಳಿದಾಗ ಗೊತ್ತಾಯಿತು, ಎಕ್ಸೆಲ್ಲಿನಲ್ಲಿ ಗಾಳಿಗೆ ಒಂದು ಕಾಲಂ ಇರಲಿಲ್ಲವೆಂದು. ಮೊದಲ ತಿಂಗಳಲ್ಲೇ, ತಿರುಗುವಾಗ ಹಗ್ಗ ಸಡಿಲ ಬಿಡುವುದನ್ನು ಮರೆತು ನಾನು ದೋಣಿ ಮಗುಚಿದೆ. ಲೈಫ್ ಜಾಕೆಟ್ಟಿನಲ್ಲಿ ತೇಲುತ್ತಾ ಕೈಕಾಲು ಬಡಿಯುತ್ತಿದ್ದಾಗ ನನ್ನವಳು ಸಾವಕಾಶವಾಗಿ ಈಜಿ ಬಂದು, ದೋಣಿಯ ಅಡಿಯ ಹಲಗೆ ಹಿಡಿದು ಜೋತು ಬಿದ್ದು ಅದನ್ನು ನೆಟ್ಟಗೆ ಮಾಡಿದಳು. ಕಲಿಸುವ ಹುಡುಗ ಕಾಸಿಮೇಡಿನ ಮೀನುಗಾರರ ಮನೆಯವನು. ದಡಕ್ಕೆ ಬಂದ ಮೇಲೆ ಅವನು ಸಮಾಧಾನ ಹೇಳಿದ್ದು ಇಷ್ಟು: ಈ ನೀರು ಹೀಗೆ ಶಾಂತವಾಗಿರುವುದಕ್ಕೆ ಸ್ಪ್ರಿಂಗ್ ಸಾಹೇಬರಿಗೆ ನಮಸ್ಕಾರ ಮಾಡಿ, ನೂರಿಪ್ಪತ್ತು ವರ್ಷದ ಹಿಂದೆ ಮಗುಚಿದ್ದರೆ ಅಲೆ ನಿಮ್ಮನ್ನು ಎತ್ತಿ ಒಗೆದಿರುತ್ತಿತ್ತು.

ರಸ್ತೆಯ ಹೆಸರಿನಲ್ಲಿದ್ದ ಆ ಸ್ಪ್ರಿಂಗ್ ಯಾರು ಎಂದು ಅಂದೇ ಹುಡುಕಲು ಕೂತೆ. ಹುಡುಕಿದಷ್ಟೂ, ನಮ್ಮ ಕಾಲೇಜಿನ ಪುಸ್ತಕಗಳಲ್ಲಿ ಮೂಲೆಯಲ್ಲೊಂದು ಸಾಲಾಗಿ ಬಂದು ಹೋದ ಮನುಷ್ಯ ಇವರೇನಾ ಎಂದು ಆಶ್ಚರ್ಯವಾಯಿತು.

ಫ್ರಾನ್ಸಿಸ್ ಜೋಸೆಫ್ ಎಡ್ವರ್ಡ್ ಸ್ಪ್ರಿಂಗ್ ಹುಟ್ಟಿದ್ದು 1849ರಲ್ಲಿ, ಐರ್ಲೆಂಡಿನಲ್ಲಿ. ಆ ದೇಶ ಆಲೂಗೆಡ್ಡೆ ಬರದಿಂದ ಹಸಿದು ಸಾಯುತ್ತಿದ್ದ ಕಾಲ ಅದು. ಓದಿದ್ದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ. 1870ರಲ್ಲಿ, ಇಪ್ಪತ್ತೊಂದರ ವಯಸ್ಸಿಗೆ, ಭಾರತ ಸರ್ಕಾರದ ಎಂಜಿನಿಯರಿಂಗ್ ಸೇವೆಗೆ ಸೇರಿದರು. ನಮ್ಮ ವಿಶ್ವೇಶ್ವರಯ್ಯನವರು ಆಗ ಹತ್ತು ವರ್ಷದ ಹುಡುಗ. ಊರು ಬಿಟ್ಟು ಸಾವಿರಾರು ಮೈಲಿ ದೂರದ ಕೆಲಸಕ್ಕೆ ಬಂದ ಎಂಜಿನಿಯರ್ ಎನ್ನುವ ಲೆಕ್ಕದಲ್ಲಿ ಸ್ಪ್ರಿಂಗ್ ನಮ್ಮಂಥವರೇ. ವ್ಯತ್ಯಾಸವೆಂದರೆ ಅವರು ಬಂದದ್ದು ಆಳುವವರ ಕಡೆಯಿಂದ. ಆ ಮಾತನ್ನು ಮರೆತು ಅವರ ಕಥೆ ಹೇಳುವ ಹಾಗಿಲ್ಲ.

ಅವರ ಬದುಕಿನ ಮೊದಲ ಮೂವತ್ತು ಚಿಲ್ಲರೆ ವರ್ಷ ರೈಲಿನದು. ರೈಲು ಹಾಕುವವರಿಗೆ ನಮ್ಮ ದೇಶದಲ್ಲಿ ಬೆಟ್ಟಕ್ಕಿಂತ ದೊಡ್ಡ ತಲೆನೋವು ನದಿ. ಬಯಲುಸೀಮೆಯ ದೊಡ್ಡ ನದಿ ಒಂದು ಕಡೆ ಹರಿಯುವುದಿಲ್ಲ. ಈ ವರ್ಷ ಎಡಕ್ಕೆ, ಮುಂದಿನ ವರ್ಷ ಬಲಕ್ಕೆ. ಸೇತುವೆ ಕಟ್ಟಿ ಮುಗಿಸುವಷ್ಟರಲ್ಲಿ ನದಿಯೇ ಪಕ್ಕಕ್ಕೆ ಸರಿದು, ಸೇತುವೆ ಮರಳಿನ ಮೇಲೆ ಒಣಗಿ ನಿಲ್ಲುವ ಅಪಾಯ. ಇದಕ್ಕೆ ಜೆ. ಆರ್. ಬೆಲ್ ಎಂಬ ಎಂಜಿನಿಯರ್ ಒಂದು ಉಪಾಯ ಹುಡುಕಿದ್ದರು. ಸೇತುವೆಯ ಎರಡೂ ತುದಿಯಿಂದ ನದಿಯ ಮೇಲ್ಗಡೆಗೆ ಉದ್ದನೆಯ ಒಡ್ಡು ಕಟ್ಟಿ, ಆಲಿಕೆಯಲ್ಲಿ ಎಣ್ಣೆ ಸುರಿದ ಹಾಗೆ ನೀರನ್ನು ಸೇತುವೆಯ ಕೆಳಗೇ ಹಾಯಿಸುವುದು. ಸ್ಪ್ರಿಂಗ್ ಆ ಉಪಾಯವನ್ನು ಶಾಸ್ತ್ರವಾಗಿಸಿದರು. ಒಡ್ಡು ಎಷ್ಟು ಉದ್ದವಿರಬೇಕು, ತುದಿ ಹೇಗೆ ಬಾಗಬೇಕು, ಅದರ ಬುಡಕ್ಕೆ ಎಷ್ಟು ಕಲ್ಲು ಹಾಸಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಿ 1903ರಲ್ಲಿ ಒಂದು ತಾಂತ್ರಿಕ ಗ್ರಂಥ ಬರೆದರು. ನಮ್ಮ ಸಿವಿಲ್ ಎಂಜಿನಿಯರಿಂಗ್ ಪಠ್ಯಗಳಲ್ಲಿ ಅವರ ಹೆಸರು ಉಳಿದಿರುವುದು ಹೀಗೆ.

ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಕಲ್ಲುಹಾಸಿನ ವಿಚಾರ. ಒಡ್ಡಿನ ಮುಂದೆ ಕಲ್ಲುಗಳನ್ನು ಸುಮ್ಮನೆ ಚಪ್ಪಟೆಯಾಗಿ ಹರಡಿ ಬಿಡುತ್ತಾರೆ. ಪ್ರವಾಹ ಬಂದು ಬುಡದ ಮರಳನ್ನು ಕೊರೆಯುತ್ತದೆ. ಕೊರೆದಂತೆಲ್ಲ ಆ ಕಲ್ಲುಗಳು ತಾವಾಗಿಯೇ ಜಾರಿ, ಕೊರೆದ ಇಳಿಜಾರಿಗೆ ಹೊದಿಕೆಯಾಗಿ ಕೂರುತ್ತವೆ. ಅಂದರೆ ಹಾಳು ಮಾಡಲು ಬಂದ ನೀರೇ ರಕ್ಷಣೆಯ ಕೆಲಸವನ್ನೂ ಮಾಡಿ ಹೋಗುತ್ತದೆ. ತಪ್ಪು ಆಗಿಯೇ ಆಗುತ್ತದೆ ಎಂದು ಮೊದಲೇ ಒಪ್ಪಿಕೊಂಡು ಮಾಡಿದ ವಿನ್ಯಾಸ. ನಾವು ಸಾಫ್ಟ್‌ವೇರಿನವರು ಇದನ್ನೇ ಹೊಸ ಸಿದ್ಧಾಂತವೆಂಬಂತೆ ಸ್ಲೈಡ್ ಹಾಕಿ ತೋರಿಸುತ್ತೇವೆ.

ರಾಜಮಹೇಂದ್ರಿಯಲ್ಲಿ ಗೋದಾವರಿಯ ಮೇಲಿನ ಹಳೆಯ ರೈಲು ಸೇತುವೆಯನ್ನು ಹೌರಾ ಗಾಡಿಯಲ್ಲಿ ಹೋದವರು ನೋಡಿರುತ್ತೀರಿ. 56 ಅಂಕಣ, ಸುಮಾರು ಎರಡೂಮುಕ್ಕಾಲು ಕಿಲೋಮೀಟರ್ ಉದ್ದ. 1897ರ ನವೆಂಬರಿನಲ್ಲಿ ಕೆಲಸ ಶುರುವಾಗಿ 1900ರ ಆಗಸ್ಟಿನಲ್ಲಿ ಸಂಚಾರಕ್ಕೆ ತೆರೆಯಿತು. ಸ್ಥಳದಲ್ಲಿ ನಿಂತು ಕಟ್ಟಿಸಿದವರು ಗ್ರಾನ್‌ವಿಲ್ ವಾಲ್ಟನ್. ಆ ಕೆಲಸದಲ್ಲಿ ಸ್ಪ್ರಿಂಗ್ ಅವರ ಪಾಲೂ ಇತ್ತು. 1997ರವರೆಗೆ ಆ ಸೇತುವೆಯ ಮೇಲೆ ರೈಲು ಓಡಿದವು.

ಐವತ್ತೈದು ವಯಸ್ಸು ಎಂದರೆ ನಿವೃತ್ತಿಯ ಲೆಕ್ಕ ಹಾಕುವ ಕಾಲ. ಸ್ಪ್ರಿಂಗ್ ಅವರಿಗೆ ಆ ವಯಸ್ಸಿನಲ್ಲಿ, 1904ರಲ್ಲಿ, ಮದ್ರಾಸ್ ಬಂದರಿನ ಹೊಣೆ ಬಂತು. ನದಿಯನ್ನು ಪಳಗಿಸಿದವರ ಮುಂದೆ ಈಗ ಸಮುದ್ರ.

ಮದ್ರಾಸಿಗೆ ದೇವರು ಕೊಟ್ಟ ಬಂದರು ಇಲ್ಲ. ಮಂಗಳೂರಿಗೆ ನೇತ್ರಾವತಿ ಗುರುಪುರ ನದಿಗಳ ಅಳಿವೆ ಇದೆ, ಕಾರವಾರಕ್ಕೆ ಗುಡ್ಡಗಳ ಆಸರೆ ಇದೆ. ಇಲ್ಲಿ ನೆಟ್ಟಗೆ ಗೆರೆ ಎಳೆದಂಥ ಮರಳ ದಡ, ಅದಕ್ಕೆ ಅಪ್ಪಳಿಸುವ ಅಲೆ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ನೆಲೆ ಮಾಡಿದಾಗಿನಿಂದ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ಜನವನ್ನೂ ಸರಕನ್ನೂ ದಡಕ್ಕೆ ತರುತ್ತಿದ್ದುದು ಮಸೂಲಾ ದೋಣಿಗಳು. ಈ ದೋಣಿಗೆ ಮೊಳೆಯಿಲ್ಲ. ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿರುತ್ತಿದ್ದರು. ಅಲೆ ಹೊಡೆದಾಗ ಮೊಳೆ ಹೊಡೆದ ದೋಣಿ ಸೀಳಿಹೋಗುತ್ತದೆ, ಹೊಲಿದ ದೋಣಿ ಬಾಗಿ ತಡೆದುಕೊಳ್ಳುತ್ತದೆ. ಎರಡೂವರೆ ಶತಮಾನ ಮದ್ರಾಸಿನ ವ್ಯಾಪಾರವೆಲ್ಲ ಆ ಮೀನುಗಾರರ ತೋಳಿನ ಮೇಲೆ ನಡೆಯಿತು.

1861ರಲ್ಲಿ ಸಮುದ್ರದೊಳಕ್ಕೆ ಚಾಚಿದ ಕಬ್ಬಿಣದ ದಕ್ಕೆಯೊಂದು ಬಂತು. 1875ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಯುವರಾಜ ಬಂದು ನಿಜವಾದ ಬಂದರಿಗೆ ಅಡಿಗಲ್ಲು ಹಾಕಿದರು. ದಡದಿಂದ ಎರಡು ಕಲ್ಲಿನ ತೋಳುಗಳನ್ನು ಚಾಚಿ, ನಡುವೆ ಪೂರ್ವಕ್ಕೆ ಬಾಗಿಲು ಬಿಡುವ ಯೋಜನೆ. ಕೆಲಸ ಮುಗಿಯುತ್ತಾ ಬಂದಿತ್ತು ಎನ್ನುವಾಗ, 1881ರ ನವೆಂಬರ್ 12ರಂದು ಚಂಡಮಾರುತ ಬಂದು ಕಟ್ಟೆಗಳನ್ನು ಕಿತ್ತೆಸೆಯಿತು. ಮತ್ತೆ ಕಟ್ಟಿದರು. ಮತ್ತೆಯೂ ಬಾಗಿಲು ಪೂರ್ವಕ್ಕೇ. ವಾಸ್ತುಶಾಸ್ತ್ರದವರು ಮೆಚ್ಚಿಯಾರು, ಬಂಗಾಳ ಕೊಲ್ಲಿ ಮೆಚ್ಚಲಿಲ್ಲ. ಅಲೆಗಳು ಆ ಬಾಗಿಲಿನಿಂದ ನೆಟ್ಟಗೆ ಒಳಗೇ ಬರುತ್ತಿದ್ದವು. ಚಂಡಮಾರುತದ ಸೂಚನೆ ಸಿಕ್ಕರೆ ಹಡಗುಗಳು ಬಂದರಿನೊಳಗೆ ಉಳಿಯಲು ಹೆದರಿ ಹೊರಸಮುದ್ರಕ್ಕೆ ಓಡಬೇಕಿತ್ತು. ಮಳೆ ಬಂದಾಗ ಮನೆಯಿಂದ ಹೊರಗೆ ಓಡಿದ ಹಾಗೆ.

ಇನ್ನೊಂದು ಕಾಟ ಮರಳಿನದು. ಈ ದಡದುದ್ದಕ್ಕೂ ವರ್ಷದ ಬಹುಪಾಲು ಅಲೆಗಳು ತೆಂಕಣ ದಿಕ್ಕಿನಿಂದ ಓರೆಯಾಗಿ ಬಡಿಯುತ್ತವೆ. ಒಂದೊಂದು ಅಲೆಯೂ ಒಂದು ಹಿಡಿ ಮರಳನ್ನು ಉತ್ತರಕ್ಕೆ ಸರಿಸುತ್ತದೆ. ಹಿಂಗಾರಿನ ತಿಂಗಳುಗಳಲ್ಲಿ ಸ್ವಲ್ಪ ಹಿಂದಕ್ಕೆ ಬಂದರೂ ವರ್ಷದ ಕೊನೆಗೆ ಲೆಕ್ಕ ಉತ್ತರದ ಕಡೆಗೇ. ಆ ಮರಳಿಗೆ ಬಂದರಿನ ತೋಳು ಅಡ್ಡ ನಿಂತಿತು. ಮರಳು ದಕ್ಷಿಣದಲ್ಲಿ ಗುಡ್ಡೆ ಬಿತ್ತು, ಹೆಚ್ಚಾದದ್ದು ಸುತ್ತಿ ಬಂದು ಬಾಗಿಲಿಗೇ ಕೂರತೊಡಗಿತು.

ಸ್ಪ್ರಿಂಗ್ ಇದನ್ನು ನದಿಯ ಎಂಜಿನಿಯರಿನ ಕಣ್ಣಿನಿಂದ ನೋಡಿದರು. ನೀರಿಗೆ ಎದುರು ನಿಂತು ಗೆಲ್ಲುವುದು ಸಾಧ್ಯವಿಲ್ಲ, ಅದರ ದಾರಿ ತಿಳಿದು ನಮ್ಮ ಬಾಗಿಲನ್ನು ಇಡಬೇಕು. ಪೂರ್ವದ ಬಾಗಿಲನ್ನು ಮುಚ್ಚಿಸಿದರು. ಈಶಾನ್ಯದಲ್ಲಿ ಹೊಸ ಬಾಗಿಲು ತೆರೆದು, ಅದಕ್ಕೆ ಮರೆಯಾಗಿ ಹೊರಗಿನಿಂದ ಒಂದು ತೋಳನ್ನು ಉತ್ತರಕ್ಕೆ ಚಾಚಿಸಿದರು. ಅಲೆ ಈಗ ಗೋಡೆಗೆ ಬಡಿಯುತ್ತದೆ, ಹಡಗು ಗೋಡೆಯ ಮರೆಯಲ್ಲಿ ತಿರುಗಿ ಒಳಗೆ ಬರುತ್ತದೆ. 1911ರ ಹೊತ್ತಿಗೆ ಹೊಸ ಬಾಗಿಲು ಬಳಕೆಗೆ ಬಂತು. ಅದೇ ವರ್ಷ ನಮ್ಮಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿತ್ತು. ಹಡಗುಗಳು ನೇರ ಬಂದು ಮಗ್ಗುಲು ಕೊಟ್ಟು ನಿಲ್ಲುವ ದಕ್ಕೆಗಳು, ಗೋದಾಮುಗಳು, ರೈಲು ಹಳಿಗಳು ಒಂದೊಂದಾಗಿ ಬಂದವು. ಇಂದಿನ ಚೆನ್ನೈ ಬಂದರಿನ ಒಳಭಾಗದ ನಕ್ಷೆ ಬಹುಪಾಲು ಆ ಕಾಲದ್ದೇ.

ನೀರು ಶಾಂತವಾದ ಕೂಡಲೇ ಅವರು ಮಾಡಿದ ಇನ್ನೊಂದು ಕೆಲಸ, ಅದರ ಮೇಲೆ ಹಾಯಿ ಬಿಚ್ಚಿದ್ದು. 1911ರಲ್ಲೇ ಯಾಟ್ ಕ್ಲಬ್ ಶುರು ಮಾಡಿದರು. ಆಗ ಅವರಿಗೆ ಅರವತ್ತೆರಡು. ಹೊಸದೆಂದರೆ ಅವರಿಗೆ ಬಹಳ ಆಸೆ ಇದ್ದಿರಬೇಕು. ಮದ್ರಾಸಿನಲ್ಲಿ ಎಂಸಿ-1 ಎಂಬ ಮೊದಲ ನೋಂದಣಿ ಸಂಖ್ಯೆಯ ಮೋಟಾರು ಕಾರೂ ಅವರದ್ದೇ ಎಂದು ಇಲ್ಲಿನವರು ಹೇಳುತ್ತಾರೆ. ಅಂದಿನ ಇಂಥ ಕ್ಲಬ್ಬುಗಳು ಬಿಳಿಯರ ಲೋಕ. ಹೊಲಿದ ದೋಣಿಯಲ್ಲಿ ಅಲೆ ದಾಟಿಸುತ್ತಿದ್ದವರ ಕೆಲಸವನ್ನು ಹೊಸ ಬಂದರು ಕಿತ್ತುಕೊಂಡಿತ್ತು. ಅಂಥ ಕಡಲಿನ ಮನೆತನದ ಹುಡುಗನೊಬ್ಬ ಇವತ್ತು ಅದೇ ನೀರಿನಲ್ಲಿ ಚನ್ನಗಿರಿಯವನಿಗೆ ಹಾಯಿ ಹಿಡಿಯುವುದನ್ನು ಕಲಿಸುತ್ತಿದ್ದಾನೆ. ಕಾಲ ಅಷ್ಟರಮಟ್ಟಿಗೆ ತಿರುಗಿದೆ.

ಪುಟ್ಟ ದೋಣಿಯಲ್ಲಿ ದೂರ ಹೋಗುವ ಗೀಳು ಜಗತ್ತಿಗೆ ಹತ್ತಿದ್ದೂ ಆ ದಿನಗಳಲ್ಲೇ. ಅಮೆರಿಕದ ಜೋಶುವಾ ಸ್ಲೋಕಮ್ 1895ರಿಂದ 1898ರವರೆಗೆ ಒಬ್ಬನೇ ಭೂಮಿಗೆ ಸುತ್ತು ಹಾಕಿ ಬಂದು 1900ರಲ್ಲಿ ಪುಸ್ತಕ ಬರೆದ. ಆತನಿಗೆ ಈಜು ಬರುತ್ತಿರಲಿಲ್ಲ ಎಂದು ನಾನು ಹೆಮ್ಮೆಯಿಂದ ಹೆಂಡತಿಗೆ ಹೇಳಿದೆ. ಅವಳು ಹುಡುಕಿ ತೆಗೆದದ್ದು ಸ್ಲೋಕಮ್ಮನ ಹೆಂಡತಿ ವರ್ಜೀನಿಯಾಳ ಕಥೆ. 1871ರಲ್ಲಿ ಸಿಡ್ನಿಯಲ್ಲಿ ಮದುವೆಯಾದ ದಿನದಿಂದ ಆಕೆ ಗಂಡನ ಹಡಗಿನಲ್ಲೇ ಸಂಸಾರ ಮಾಡಿದಳು. ಮಕ್ಕಳನ್ನು ಹೆತ್ತಿದ್ದು ಹಡಗಿನಲ್ಲಿ, ಪರದೇಶದ ಬಂದರುಗಳಲ್ಲಿ. ಕೆಲವು ಮಕ್ಕಳು ಉಳಿಯಲಿಲ್ಲ. 1884ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಿಂತ ಹಡಗಿನಲ್ಲೇ ಆಕೆಯೂ ತೀರಿಕೊಂಡಳು, ಮೂವತ್ತನಾಲ್ಕರ ವಯಸ್ಸಿಗೆ. ವಿಡಿಯೊಗಳಲ್ಲಿ ಕಾಣದ ಅಧ್ಯಾಯ ಇದು. ಅದನ್ನು ಓದಿದ ರಾತ್ರಿ ನಾವಿಬ್ಬರೂ ಎಕ್ಸೆಲ್ ಶೀಟ್ ತೆರೆಯಲಿಲ್ಲ.

ಸ್ಪ್ರಿಂಗ್ ಕಥೆಗೆ ಮರಳುತ್ತೇನೆ. ಅವರನ್ನು ಜಗತ್ತು ನೆನಪಿಟ್ಟುಕೊಂಡಿರುವುದು ಬಂದರಿಗಾಗಿಯೂ ಅಲ್ಲ, ಹಾಯಿಗಾಗಿಯೂ ಅಲ್ಲ. ಒಬ್ಬ ಗುಮಾಸ್ತನಿಗಾಗಿ.

1912ರ ಫೆಬ್ರುವರಿಯಲ್ಲಿ ಬಂದರು ಕಚೇರಿಗೆ ಕೆಲಸ ಕೇಳಿ ಒಂದು ಅರ್ಜಿ ಬಂತು. ಅರ್ಜಿದಾರನಿಗೆ ಪದವಿಯಿಲ್ಲ. ಕಾಲೇಜು ಪರೀಕ್ಷೆಯಲ್ಲಿ ಗಣಿತ ಬಿಟ್ಟು ಉಳಿದದ್ದರಲ್ಲಿ ಫೇಲಾದವನು. ಮಾರ್ಚ್ 1ರಂದು ಅವನು ತಿಂಗಳಿಗೆ 30 ರೂಪಾಯಿಯ ಗುಮಾಸ್ತನಾಗಿ ಸೇರಿದ. ಹೆಸರು ಶ್ರೀನಿವಾಸ ರಾಮಾನುಜನ್. ಕಚೇರಿಯಲ್ಲಿ ಸ್ಪ್ರಿಂಗ್ ಅವರ ಕೈಕೆಳಗೆ ಹಿರಿಯ ಲೆಕ್ಕಾಧಿಕಾರಿಯಾಗಿದ್ದವರು ಎಸ್. ನಾರಾಯಣ ಅಯ್ಯರ್. ಸ್ವತಃ ಗಣಿತ ಓದಿದವರು. ಸಂಜೆ ಟ್ರಿಪ್ಲಿಕೇನಿನ ತಮ್ಮ ಮನೆಯಲ್ಲಿ ಸ್ಲೇಟು ಹಿಡಿದು ಆ ಗುಮಾಸ್ತನ ಜೊತೆ ಕೂರುತ್ತಿದ್ದರು. ಅವನು ಹತ್ತು ಹೆಜ್ಜೆಯ ಲೆಕ್ಕವನ್ನು ಎರಡೇ ಹೆಜ್ಜೆಯಲ್ಲಿ ದಾಟುವುದನ್ನು ಕಂಡು ಬೆರಗಾಗಿ, ವಿಷಯವನ್ನು ಸಾಹೇಬರ ಕಿವಿಗೆ ಹಾಕಿದವರೂ ಅವರೇ.

ಇಲ್ಲಿ ಸ್ಪ್ರಿಂಗ್ ಮಾಡಿದ್ದೇನು ಎಂದು ನೋಡಿ. ಅವರಿಗೆ ರಾಮಾನುಜನ್ ಬರೆದದ್ದು ಪೂರ್ತಿ ಅರ್ಥವಾಗುವ ಸಾಧ್ಯತೆ ಕಡಿಮೆ. ಆ ಕಾಲದ ಮದ್ರಾಸಿನಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಅರ್ಥವಾಗದ್ದನ್ನು ಕೈಬಿಡುವ ಬದಲು, ಅರ್ಥವಾಗುವವರು ಯಾರು ಎಂದು ಹುಡುಕಲು ಹೊರಟರು. ಮದ್ರಾಸ್ ಎಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್ ಗ್ರಿಫಿತ್ ಇದರಲ್ಲಿ ಕೈಜೋಡಿಸಿದರು. ಲಂಡನ್ನಿನ ಪ್ರೊಫೆಸರ್ ಹಿಲ್ ಅವರ ಅಭಿಪ್ರಾಯ ತರಿಸಿದರು. 1913ರ ಜನವರಿಯಲ್ಲಿ ರಾಮಾನುಜನ್ ಕೇಂಬ್ರಿಜ್‌ನ ಹಾರ್ಡಿಗೆ ಪತ್ರ ಬರೆದರು. ಫೆಬ್ರುವರಿ ಕೊನೆಗೆ ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಮದ್ರಾಸ್ ಬಂದರಿಗೆ ಬಂದರು. ನಮ್ಮ ಮುಂಗಾರಿನ ಗುಟ್ಟನ್ನು ಶಾಂತ ಮಹಾಸಾಗರದ ಗಾಳಿಯ ಒತ್ತಡದಲ್ಲಿ ಹುಡುಕಿದ ಮಹಾಶಯ ಇವರು, ಮೂಲತಃ ಗಣಿತಜ್ಞ. ಸ್ಪ್ರಿಂಗ್ ಆ ಅವಕಾಶ ಬಿಡದೆ ಗುಮಾಸ್ತನ ಕಾಗದಗಳನ್ನು ಅವರ ಮುಂದಿಟ್ಟರು. ವಾಕರ್ ಮರುದಿನವೇ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಬರೆದರು. ಆ ಮೇ ತಿಂಗಳಿಂದ ರಾಮಾನುಜನ್‌ಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಸಿಕ್ಕಿತು. ಬಂದರಿನವರು ಎರಡು ವರ್ಷ ಸಂಬಳವಿಲ್ಲದ ರಜೆ ಕೊಟ್ಟು ಕಳಿಸಿದರು. ಕೆಲಸದಿಂದ ತೆಗೆಯಲಿಲ್ಲ, ಕಟ್ಟಿಯೂ ಹಾಕಲಿಲ್ಲ.

ಮುಂದಿನ ವರ್ಷ ಇಂಗ್ಲೆಂಡಿಗೆ ಕಳಿಸುವ ಮಾತು ಬಂದಾಗ ಹತ್ತು ಸಾವಿರ ರೂಪಾಯಿಯ ನೆರವು ಬೇಕಾಗಿತ್ತು. 1914ರ ಫೆಬ್ರುವರಿಯಲ್ಲಿ ಸ್ಪ್ರಿಂಗ್ ಗವರ್ನರರ ಕಾರ್ಯದರ್ಶಿಗೆ ಪತ್ರ ಬರೆದು ಆ ಮಂಜೂರಾತಿಗೆ ಒತ್ತಾಯಿಸಿದರು. ಅದು ಮಂಜೂರಾಯಿತು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂಬ ಕಾಲ. ತಾಯಿ ಕೋಮಲತ್ತಮ್ಮಾಳ್ ಒಪ್ಪಿದ್ದು ನಾಮಗಿರಿ ದೇವಿಯ ಕನಸಿನಿಂದ ಎಂದು ಹೇಳುತ್ತಾರೆ. ಜುಟ್ಟು ಕತ್ತರಿಸಿಕೊಂಡು, ಬೂಟು ಹಾಕಿಕೊಂಡು ರಾಮಾನುಜನ್ ಮಾರ್ಚ್ 17ರಂದು ನೆವಾಸಾ ಎಂಬ ಹಡಗು ಹತ್ತಿದರು. ಹಡಗು ಹೊರಟಿದ್ದು ಇದೇ ಬಂದರಿನಿಂದ, ಸ್ಪ್ರಿಂಗ್ ತಿರುಗಿಸಿಟ್ಟ ಬಾಗಿಲಿನಿಂದ.

ಇದನ್ನು ಓದುವಾಗ ನನಗೆ ಸ್ವಲ್ಪ ನಾಚಿಕೆಯಾಯಿತು, ಹೇಳಿಬಿಡುತ್ತೇನೆ. ನಾನೂ ಎಂಟು ಜನರ ತಂಡದ ಲೀಡ್. ಹೋದ ವರ್ಷ ಹುಡುಗನೊಬ್ಬ ಸಂಶೋಧನೆಯ ಇಂಟರ್ನ್‌ಶಿಪ್ಪಿಗೆ ಆರು ತಿಂಗಳ ಸಂಬಳವಿಲ್ಲದ ರಜೆ ಕೇಳಿದ್ದ. ಅವನ ವಿಷಯ ನನಗೆ ಅರ್ಥವಾಗಿರಲಿಲ್ಲ. ರಿಲೀಸ್ ಹತ್ತಿರ ಇತ್ತು. ಅರ್ಥವಾಗುವವರನ್ನು ಹುಡುಕುವ ಗೋಜಿಗೆ ಹೋಗದೆ ಆಗುವುದಿಲ್ಲ ಎಂದೆ. ಅವನು ರಾಜೀನಾಮೆ ಕೊಟ್ಟು ಹೋದ. ಕೆಲಸ ಬಿಟ್ಟು ಕಡಲಿಗೆ ಹೋಗುವ ಕನಸು ಕಾಣುತ್ತಿದ್ದವನೇ ಇನ್ನೊಬ್ಬನ ಹಗ್ಗ ಬಿಗಿಹಿಡಿದಿದ್ದೆ.

ರಾಮಾನುಜನ್ ಹೋಗಿ ಆರು ತಿಂಗಳಿಗೆ, 1914ರ ಸೆಪ್ಟೆಂಬರ್ 22ರ ರಾತ್ರಿ, ಜರ್ಮನಿಯ ಎಮ್ಡನ್ ಹಡಗು ಕತ್ತಲಲ್ಲಿ ಮದ್ರಾಸಿಗೆ ಬಂದು ನೂರಕ್ಕೂ ಹೆಚ್ಚು ಗುಂಡು ಹಾರಿಸಿತು. ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು, ಬಂದರಿನಲ್ಲಿದ್ದ ಹಡಗೊಂದರಲ್ಲಿ ಸಾವುಗಳಾದವು, ಊರಿನ ಜನ ಗಂಟುಮೂಟೆ ಕಟ್ಟಿ ಓಡಿದರು. ಇವತ್ತಿಗೂ ಇಲ್ಲಿ ಕಿಲಾಡಿ ಮನುಷ್ಯನಿಗೆ ಎಮ್ಡನ್ ಎನ್ನುತ್ತಾರೆ. ಅರವತ್ತೈದರ ಸ್ಪ್ರಿಂಗ್ ಯುದ್ಧ ಮುಗಿಯುವವರೆಗೂ ಬಂದರು ನಡೆಸಿದರು. 1919ರಲ್ಲಿ, ಎಪ್ಪತ್ತರ ವಯಸ್ಸಿಗೆ, ಹೊಣೆ ಇಳಿಸಿದರು. ಅದೇ ವರ್ಷ ರಾಮಾನುಜನ್ ರೋಗಿಯಾಗಿ ಮದ್ರಾಸಿಗೆ ಮರಳಿದರು. 1920ರ ಏಪ್ರಿಲಿನಲ್ಲಿ, ಮೂವತ್ತೆರಡಕ್ಕೆ, ತೀರಿಕೊಂಡರು. ಐದು ವರ್ಷ ಕಾದು, ಮರಳಿ ಬಂದವನ ಜೊತೆ ಒಂದು ವರ್ಷ ಬಾಳಿದ ಹೆಂಡತಿ ಜಾನಕಿ ಟ್ರಿಪ್ಲಿಕೇನಿನಲ್ಲಿ ಹೊಲಿಗೆ ಮಾಡಿಕೊಂಡು 1994ರವರೆಗೆ ಬದುಕಿದರು. ಸ್ಪ್ರಿಂಗ್ 1933ರಲ್ಲಿ, ಎಂಬತ್ತನಾಲ್ಕನೇ ವಯಸ್ಸಿನಲ್ಲಿ ನಿಧನರಾದರು.

ಇಷ್ಟು ಹೇಳಿ ನಿಲ್ಲಿಸಿದರೆ ಪೂರ್ತಿ ಸತ್ಯವಾಗುವುದಿಲ್ಲ. ಬಂದರಿನ ತೋಳಿಗೆ ತಡೆದು ನಿಂತ ಮರಳಿನಿಂದ ದಕ್ಷಿಣದಲ್ಲಿ ನಮ್ಮ ಪ್ರೀತಿಯ ಮರೀನಾ ಬೀಚು ಅಗಲವಾಯಿತು. ಉತ್ತರಕ್ಕೆ ಹೋಗಬೇಕಿದ್ದ ಮರಳು ಹೋಗಲಿಲ್ಲ. ರಾಯಪುರಂ, ತಿರುವೊಟ್ರಿಯೂರಿನ ಕಡೆ ಕಡಲು ದಡವನ್ನು ತಿನ್ನುತ್ತಾ ಬಂತು. ಇವತ್ತು ಅಲ್ಲಿ ಬೀಚಿಲ್ಲ, ಕರಿಬಂಡೆಗಳ ತಡೆಗೋಡೆ ಇದೆ. ನಮಗೆ ಕಲಿಸುವ ಹುಡುಗನ ಅಜ್ಜಿಯ ಮನೆ ಇದ್ದ ಜಾಗ ಈಗ ನೀರಿನೊಳಗಿದೆಯಂತೆ. ಬಂದರು ಕಟ್ಟಲು ತೊಡಗಿದವರು ಸ್ಪ್ರಿಂಗ್ ಅಲ್ಲ. ಆದರೂ ಒಂದು ಕಡೆ ಕಟ್ಟಿದ ಆಸರೆಗೆ ಇನ್ನೊಂದು ಕಡೆಯವರು ಬೆಲೆ ತೆತ್ತರು ಎನ್ನುವುದು ನಿಜ.

ನಮ್ಮ ಯೋಜನೆಗೂ ಇಂಥದೇ ಇನ್ನೊಂದು ಕಡೆ ಇತ್ತು. ಹೋದ ದೀಪಾವಳಿಗೆ ಊರಿಗೆ ಹೋದಾಗ ವಿಷಯ ತೆಗೆದೆವು. ಅವ್ವ ಹೆದರಿ, ಒಬ್ಬನೇ ಮಗ ನೀರುಪಾಲಾಗುತ್ತಾನೆ ಎಂದು ಅತ್ತರು. ಅಪ್ಪ ನಿವೃತ್ತ ಮೇಷ್ಟ್ರು, ಏನೂ ಮಾತಾಡಲಿಲ್ಲ. ಮರುದಿನ ಬೈಕಿನಲ್ಲಿ ಸೂಳೆಕೆರೆಗೆ ಕರೆದುಕೊಂಡು ಹೋಗು ಅಂದರು. ಏರಿಯ ಮೇಲೆ ಬಹಳ ಹೊತ್ತು ಕೂತೆವು. ದೋಣಿಗೆ ಎಷ್ಟು ದುಡ್ಡು, ಅಡುಗೆ ಹೇಗೆ, ಕುಡಿಯುವ ನೀರು ಎಲ್ಲಿಂದ ಎಂದೆಲ್ಲ ವಿಚಾರಿಸಿದರು. ಏಳುವ ಮುಂಚೆ ಇನ್ನೊಂದು ಕೇಳಿದರು. ಹೋದ ವರ್ಷ ರಾತ್ರಿ ಎರಡು ಗಂಟೆಗೆ ಅವ್ವನಿಗೆ ಎದೆನೋವು ಬಂದಾಗ ನಾನು ಚೆನ್ನೈಯಿಂದ ಹೊರಟು ಮರುದಿನ ಮಧ್ಯಾಹ್ನ ದಾವಣಗೆರೆ ಆಸ್ಪತ್ರೆಯಲ್ಲಿದ್ದೆ. ನಡುಗಡಲಿನಿಂದ ಎಷ್ಟು ದಿನ ಹಿಡಿಯುತ್ತದೆ ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಚೆನ್ನೈಗೆ ಮರಳಿ ಎರಡು ತಿಂಗಳು ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ಭಾನುವಾರದ ಹಾಯಿ ಮಾತ್ರ ಬಿಡಲಿಲ್ಲ. ಹಾಯಿದೋಣಿಯ ಮೊದಲ ಪಾಠವೆಂದರೆ ಗಾಳಿಗೆ ನೇರ ಎದುರಾಗಿ ಹೋಗಲು ಆಗುವುದಿಲ್ಲ. ಹೆಚ್ಚೆಂದರೆ ನಲವತ್ತೈದು ಡಿಗ್ರಿಯಷ್ಟು ಓರೆಯಾಗಿ ಹೋಗಬಹುದು. ಸ್ವಲ್ಪ ದೂರ ಎಡಕ್ಕೆ, ತಿರುಗಿಸಿ ಸ್ವಲ್ಪ ದೂರ ಬಲಕ್ಕೆ. ದಾರಿ ಉದ್ದವಾಗುತ್ತದೆ, ಊರು ಸಿಗುತ್ತದೆ. ಒಂದು ಭಾನುವಾರ ಈಶಾನ್ಯದ ಬಾಗಿಲಿನ ಕಡೆ ನೋಡುತ್ತಾ ಕೂತಿದ್ದಾಗ ನನ್ನವಳೇ ದಾರಿ ಹೇಳಿದಳು. ಬಾಗಿಲು ಮುಚ್ಚುವುದು ಬೇಡ, ದಿಕ್ಕು ಬದಲಿಸೋಣ ಅಂದಳು.

ಅವಳ ಲೆಕ್ಕ ಸರಳ. ಪೂರ್ವ ಕರಾವಳಿಯಿಂದ ಹೊರಟು ದೂರದೇಶಕ್ಕೆ ಹೋಗುವ ಬದಲು ದೋಣಿಯನ್ನು ಪಶ್ಚಿಮ ಕರಾವಳಿಯಲ್ಲೇ ಇಡುವುದು. ಕೊಚ್ಚಿಯ ಬೋಲ್ಗಟ್ಟಿಯಲ್ಲಿ ಇಂಥ ದೋಣಿಗಳಿಗೆಂದೇ ಕಟ್ಟಿದ ನಿಲ್ದಾಣವಿದೆ. ಅಲ್ಲಿಂದ ಮಂಗಳೂರು, ಮಲ್ಪೆ, ಕಾರವಾರ, ಗೋವಾದವರೆಗೆ ದಡ ಕಾಣುವ ಹಾಗೆ ಹೋಗಿಬರುವುದು. ಮುಂಗಾರಿನಲ್ಲಿ ಹೇಗೂ ಆ ಕಡಲಿಗೆ ಇಳಿಯುವ ಹಾಗಿಲ್ಲ. ಜೂನ್, ಜುಲೈ ಮೀನುಗಾರರಿಗೂ ನಿಷೇಧ. ಆ ಮಳೆಗಾಲವಿಡೀ ಚನ್ನಗಿರಿಯ ಮನೆ. ಮಲ್ಪೆಯಲ್ಲಿ ಲಂಗರು ಹಾಕಿದ ದಿನ ಫೋನ್ ಬಂದರೆ ಘಟ್ಟ ಹತ್ತಿ ಅದೇ ದಿನ ಊರು ಸೇರಬಹುದು. ಕೆಲಸ ಪೂರ್ತಿ ಬಿಡುವ ಬದಲು, ಕೇಳಿದರೆ ಅರ್ಧ ವರ್ಷದ ಕೆಲಸ ಕೊಡುವ ಕಂಪನಿಗಳೂ ಇವೆ. ಎರಡು ವರ್ಷದ ಗಡುವನ್ನು ಐದಕ್ಕೆ ತಳ್ಳಿದ್ದೇವೆ. ಆಗ ನನಗೆ ನಲವತ್ತೊಂದು. ಸ್ಪ್ರಿಂಗ್ ಸಾಹೇಬರು ಕ್ಲಬ್ ಕಟ್ಟಿದ ವಯಸ್ಸಿಗೆ ಇನ್ನೂ ಇಪ್ಪತ್ತೊಂದು ವರ್ಷ ಬಾಕಿ ಇರುತ್ತದೆ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ಹೂಂ ಎಂದರು, ಅಷ್ಟೇ. ಒಂದು ವಾರ ಬಿಟ್ಟು ಅವ್ವ ಫೋನಿನಲ್ಲಿ, ಅಪ್ಪ ಶಾಲೆಯ ಹಳೆಯ ಅಟ್ಲಾಸ್ ಹುಡುಕಿ ತೆಗೆದು ಮಲ್ಪೆ ಎಲ್ಲಿದೆ ಎಂದು ನೋಡುತ್ತಿದ್ದರು ಎಂದರು. ರಜೆ ಕೊಡದೆ ಕಳೆದುಕೊಂಡ ಹುಡುಗನಿಗೂ ಒಂದು ಮೇಲ್ ಬರೆದೆ. ಅವನು ಚೆನ್ನಾಗಿದ್ದಾನೆ, ಉತ್ತರ ಬರೆದ. ನನ್ನ ತಂಡದಲ್ಲಿ ಈಗ ಇನ್ನೊಬ್ಬಳು ರಜೆ ಕೇಳಿದ್ದಾಳೆ. ಅವಳ ವಿಷಯ ನನಗೆ ಅರ್ಥವಾಗುವುದಿಲ್ಲ. ಅರ್ಥವಾಗುವವರು ಯಾರು ಎಂದು ಹುಡುಕುತ್ತಿದ್ದೇನೆ.

ಚೆನ್ನೈಗೆ ಬಂದರೆ ಮರೀನಾದಲ್ಲಿ ನಿಂತು ಮರಳಿನ ಅಗಲ ನೋಡಿ, ಅದೆಲ್ಲ ಎಲ್ಲಿಂದ ಬಂತು ಎಂದು ನೆನಪಿಸಿಕೊಳ್ಳಿ. ಭಾನುವಾರವಾದರೆ ಉತ್ತರಕ್ಕೆ, ಬಂದರಿನ ಕಡೆ ನೋಡಿ. ಕಲ್ಲಿನ ತೋಳಿನ ಆಚೆ ಒಂದು ಪುಟ್ಟ ಬಿಳಿ ಹಾಯಿ ಓರೆಯಾಗಿ ಹೋಗುತ್ತಿದ್ದರೆ ಅದು ನಾವೇ ಇರಬಹುದು. ಚುಕ್ಕಾಣಿ ನನ್ನವಳ ಕೈಯಲ್ಲಿರುತ್ತದೆ, ಹೆದರಬೇಡಿ.